ಗುಲ್ಮಾರ್ಗೋ, ಔಲಿಯೋ, ಮೊದಲು ಪರೀಕ್ಷೆಯೋ

ಬೆಂಗಳೂರಿನ ಮನೆಯೊಂದರಲ್ಲಿ ಸ್ಕೀಯಿಂಗ್ ಎಂಬ ಮಾತು ಎದ್ದರೆ ಮೊದಲು ಕೇಳಿಬರುವುದು ‘ಯಾಕೆ?’ ಎಂಬ ಪ್ರಶ್ನೆ. ಜಯನಗರದ ಈ ಮನೆಯಲ್ಲಿ ಅದಕ್ಕೆ ಒಂಬತ್ತನೇ ತರಗತಿಯ ಮಗಳು ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದಳು: ತೆಕ್ಕಡ ಭವಾನಿ ನಂಜುಂಡ. ಹಿಮವನ್ನೇ ಕಾಣದ ಕೊಡಗಿನಲ್ಲಿ ಹುಟ್ಟಿ, ಗುಲ್ಮಾರ್ಗದ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ಗೆದ್ದುಕೊಟ್ಟವರು.

“ಅವಳು ಗುಡ್ಡ ಹತ್ತಿ ಇಳಿದು ಬೆಳೆದ ಹುಡುಗಿ ಕಣೇ. ನೀನು ಲಿಫ್ಟ್ ಕೆಟ್ಟರೆ ಟ್ಯೂಷನ್ನಿಗೇ ಹೋಗಲ್ಲ,” ಎಂದರು ಅಜ್ಜಿ.

ಆದರೂ ಮಾತು ಬೆಳೆಯಿತು. ಸ್ವಿಟ್ಜರ್ಲೆಂಡಿನ ಖರ್ಚನ್ನು ಯಜಮಾನರು ಒಮ್ಮೆ ಲೆಕ್ಕ ಹಾಕಿ, ಲೆಕ್ಕದ ಚೀಟಿಯನ್ನು ತಾವೇ ಹರಿದುಹಾಕಿದರು. ಉಳಿದದ್ದು ಎರಡು, ಕಾಶ್ಮೀರದ ಗುಲ್ಮಾರ್ಗ ಮತ್ತು ಉತ್ತರಾಖಂಡದ ಔಲಿ. ಇವೆರಡರಲ್ಲಿ ಒಂದನ್ನು ಆರಿಸುವುದು ಜಾತಕ ಹೊಂದಿಸಿದ ಹಾಗೆ. ಒಂದು ಕೂಟ ಕೂಡಿತು ಎನ್ನುವಷ್ಟರಲ್ಲಿ ಇನ್ನೊಂದು ಕೈ ಕೊಡುತ್ತದೆ.

ಅಜ್ಜಿಯ ಮತ ಔಲಿಗೆ. ಔಲಿಗೆ ಹೋಗಬೇಕಾದರೆ ಜೋಶಿಮಠವನ್ನು ದಾಟಲೇಬೇಕು. ಅಲ್ಲಿ ನರಸಿಂಹ ದೇವರ ಗುಡಿ ಇದೆ. ನಮ್ಮ ಶೃಂಗೇರಿಯಂತೆಯೇ ಶಂಕರರು ಸ್ಥಾಪಿಸಿದ ನಾಲ್ಕು ಪೀಠಗಳಲ್ಲಿ ಉತ್ತರದ ಜ್ಯೋತಿರ್ಮಠವೂ ಅಲ್ಲೇ. ಇದಕ್ಕೆ ಎದುರಾಡುವುದು ಕಷ್ಟ. ಆದರೆ ಸೊಸೆ ಏನು ಕಡಿಮೆಯೇ? “ಅತ್ತೆ, ಶ್ರೀನಗರದಲ್ಲೂ ಶಂಕರಾಚಾರ್ಯ ಬೆಟ್ಟ ಇದೆ, ಮೇಲೆ ಈಶ್ವರನ ಗುಡಿ,” ಎಂದು ಫೋನಿನಲ್ಲಿ ಚಿತ್ರ ತೋರಿಸಿದಳು. ಇನ್ನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ ಎಂಬುದನ್ನು ಮಾತ್ರ ಆ ಕ್ಷಣಕ್ಕೆ ಹೇಳಲಿಲ್ಲ. ಶಂಕರರು ಹೀಗೆ ಎರಡೂ ಕಡೆ ಸಮನಾಗಿ ಹಂಚಿಹೋದರು.

ತಾತನ ವಾದ ಬೇರೆ. ಮೂಲ ಮಂಡ್ಯದವರು. ಗಢ್ವಾಲದ ಜನ ‘ಮಂಡುವಾ’ ಎಂದು ರೊಟ್ಟಿ ತಟ್ಟುವುದು ರಾಗಿಯಲ್ಲೇ, ಅವರ ‘ಗಹತ್’ ಬೇಳೆ ಎಂದರೆ ಸಾಕ್ಷಾತ್ ನಮ್ಮ ಹುರುಳಿ ಎಂದು ಎಲ್ಲೋ ಓದಿದ್ದೇ ತಡ, ಅವರಿಗೆ ಔಲಿ ಹೊರಗಿನ ಊರಾಗಿ ಉಳಿಯಲಿಲ್ಲ. ಹಿಮಾಲಯದ ತಪ್ಪಲಲ್ಲಿ ಹುರುಳಿ ಸಾರು! ಕಾಶ್ಮೀರದಲ್ಲಿ ಕಮಲದ ದಂಟಿನ ಪಲ್ಯ ಚೆನ್ನಾಗಿರುತ್ತದೆ, ರಾಜ್ಮಾ ಸಿಗುತ್ತದೆ, ಕೇಸರಿ ಹಾಕಿದ ಕಹ್ವಾ ಇದೆ ಎಂದು ಮೊಮ್ಮಗಳು ಪಟ್ಟಿ ಓದಿದಳು. “ಕಹ್ವಾಕ್ಕೆ ಹಾಲು ಹಾಕ್ತಾರಾ?” ಎಂದು ಕೇಳಿ, ಇಲ್ಲ ಎಂದು ತಿಳಿದ ಮೇಲೆ ತಾತ ಪೇಪರ್ ಓದಲು ಕೂತರು.

ಇಷ್ಟರಲ್ಲಿ ಸ್ಕೀಯಿಂಗ್ ಬಗ್ಗೆ ಯಾರೂ ಮಾತೆತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು.

ಎತ್ತಬೇಕಿತ್ತು. ಹೊಸದಾಗಿ ಕಲಿಯುವವರು ಮೊದಲ ದಿನ ಜಾರುವುದಕ್ಕಿಂತ ಹತ್ತುವುದೇ ಹೆಚ್ಚು. ಗಡುಸು ಪ್ಲಾಸ್ಟಿಕ್ಕಿನ ಬೂಟಿಗೆ ಬಕಲ್ ಬಿಗಿದರೆ ಕಣಕಾಲು ಅತ್ತಿತ್ತ ಅಲುಗುವುದಿಲ್ಲ. ಹಿಮ್ಮಡಿ ಒತ್ತಿದಾಗ ‘ಟಕ್’ ಎಂದು ಬೂಟು ಸ್ಕೀಗೆ ಕೂಡಿಕೊಳ್ಳುತ್ತದೆ. ಆಮೇಲೆ ಇಳಿಜಾರಿಗೆ ಅಡ್ಡವಾಗಿ ನಿಂತು, ಒಂದೊಂದೇ ಹೆಜ್ಜೆ ಮೇಲಕ್ಕೆ ಹಾಕಬೇಕು. ಇಳಿಯುವಾಗ ಸ್ಕೀಗಳ ಮೂತಿ ಹತ್ತಿರ, ಬಾಲ ದೂರ, ಅದೇ ಬ್ರೇಕು. ಈ ಪಾಠಕ್ಕೆ ಔಲಿ ಒಳ್ಳೆಯ ಜಾಗ. ಗಢ್ವಾಲ್ ಮಂಡಲ ವಿಕಾಸ ನಿಗಮ ಏಳು ಮತ್ತು ಹದಿನಾಲ್ಕು ದಿನಗಳ ತರಬೇತಿ ನಡೆಸುತ್ತದೆ. ಜಾರುವಾಗ ಎದುರಿಗೆ 7,816 ಮೀಟರಿನ ನಂದಾದೇವಿ. ಗುಲ್ಮಾರ್ಗದಲ್ಲೂ ಕೆಳಗಿನ ಮೈದಾನದಲ್ಲಿ ಕಲಿಯಬಹುದು. ಆದರೆ ಅದರ ನಿಜವಾದ ಹೆಸರು ಇರುವುದು ಮೇಲೆ, ಅಫರ್ವಾಟ್ ಬೆಟ್ಟದ ಹಗುರ ಹಿಮದಲ್ಲಿ. ಅಲ್ಲಿನ ರೋಪ್‌ವೇ ಗೊಂಡೊಲಾದ ಎರಡನೇ ಹಂತ ಸುಮಾರು 3,950 ಮೀಟರಿಗೆ ಒಯ್ದು ಬಿಡುತ್ತದೆ. ಮುಳ್ಳಯ್ಯನಗಿರಿಯ ಎರಡು ಪಟ್ಟು ಎತ್ತರ. ಅಲ್ಲಿಂದ ಜಾರುವುದು ಪಳಗಿದವರ ಕೆಲಸ. ಹಿಮಕುಸಿತದ ಅಪಾಯ ಕಂಡರೆ ಅವರನ್ನೂ ಬಿಡುವುದಿಲ್ಲ. ಬೀಜಿಂಗ್‌ನ 2022ರ ಒಲಿಂಪಿಕ್ಸಿಗೆ ಭಾರತದಿಂದ ಹೋದ ಒಬ್ಬನೇ ಕ್ರೀಡಾಪಟು ಆರಿಫ್ ಖಾನ್ ಪಳಗಿದ್ದು ಇದೇ ಗುಲ್ಮಾರ್ಗದ ಇಳಿಜಾರುಗಳಲ್ಲಿ.

ಔಲಿಗೂ ರೋಪ್‌ವೇ ಇತ್ತು, ಜೋಶಿಮಠದಿಂದ ಸುಮಾರು ನಾಲ್ಕು ಕಿಲೋಮೀಟರ್ ಉದ್ದದ್ದು. 2023ರ ಜನವರಿಯಲ್ಲಿ ಜೋಶಿಮಠದ ನೆಲವೇ ಕುಸಿಯತೊಡಗಿ ಮನೆಗಳ ಗೋಡೆ ಬಿರಿದಾಗ ಅದನ್ನು ನಿಲ್ಲಿಸಿದರು. ಇನ್ನು ದಾರಿಯೋ, ಋಷಿಕೇಶದಿಂದ ಜೋಶಿಮಠಕ್ಕೆ ಸುಮಾರು 250 ಕಿಲೋಮೀಟರ್ ಘಾಟಿ ರಸ್ತೆ. ಚಾರ್ಮಾಡಿಯಲ್ಲೇ ನಿಂಬೆಹಣ್ಣು ಮೂಸುವ ಸೊಸೆಗೆ ಇಷ್ಟು ಸಾಕಾಗಿತ್ತು. ಆ ದಾರಿಯಲ್ಲೂ ಶ್ರೀನಗರ ಎಂಬ ಊರು ಸಿಗುತ್ತದೆ, ಅದು ಗಢ್ವಾಲದ ಶ್ರೀನಗರ. ಹೋಟೆಲ್ ಬುಕ್ ಮಾಡುವವರು ಎರಡು ಸಲ ಕಣ್ಣುಜ್ಜಿಕೊಂಡು ನೋಡುವುದು ಕ್ಷೇಮ. ಕಾಶ್ಮೀರದ ಶ್ರೀನಗರಕ್ಕಾದರೆ ವಿಮಾನ. ಅಲ್ಲಿಂದ ಗುಲ್ಮಾರ್ಗ ಐವತ್ತು ಕಿಲೋಮೀಟರ್ ಆಸುಪಾಸು. ಹಿಮ ಜೋರಾಗಿದ್ದರೆ ತಂಗ್ಮಾರ್ಗದಲ್ಲಿ ಚಕ್ರಗಳಿಗೆ ಸರಪಳಿ ಕಟ್ಟಿಸಬೇಕು. ಹೊರರಾಜ್ಯದ ಪ್ರಿಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ ಎಂದು ತಿಳಿದು ಮನೆಯಲ್ಲಿ ಅತಿ ಹೆಚ್ಚು ಕಂಗಾಲಾದವರು ತಾತ.

2025ರ ಏಪ್ರಿಲ್‌ನಲ್ಲಿ ಕಾಶ್ಮೀರದ ಪಹಲ್ಗಾಮ್‌ನಲ್ಲಿ ಉಗ್ರರ ದಾಳಿಗೆ ಬಲಿಯಾದವರಲ್ಲಿ ಕನ್ನಡಿಗರೂ ಇದ್ದರು. ಆ ಮಾತು ಬಂದ ದಿನ ಯಾರೂ ತಮಾಷೆ ಮಾಡಲಿಲ್ಲ. ಚರ್ಚೆ ಅಲ್ಲಿಗೇ ನಿಂತು, ಮತ್ತೆ ಚಿಗುರಲು ಒಂದು ಹಬ್ಬ ಕಳೆಯಬೇಕಾಯಿತು.

ಹಿಮದ್ದೂ ಭರವಸೆ ಇಲ್ಲ. ಎರಡೂ ಊರು ಕಾಯುವುದು ಮೆಡಿಟರೇನಿಯನ್ ಕಡೆಯಿಂದ ತೇವ ಹೊತ್ತು ಬರುವ ಚಳಿಗಾಲದ ಮಾರುತಕ್ಕೆ. ಅದು ಕೈಕೊಟ್ಟ ವರ್ಷ ಔಲಿಯಲ್ಲಿ ಸ್ಪರ್ಧೆಗಳು ರದ್ದಾದದ್ದುಂಟು. 2024ರ ಜನವರಿಯ ಬಹುಭಾಗ ಗುಲ್ಮಾರ್ಗ ಬೋಳು ಹುಲ್ಲುಗಾವಲಾಗಿತ್ತು. 2025ರಲ್ಲಿ ಹಿಮ ಸಾಲದೆ ಅಲ್ಲಿಯ ಖೇಲೋ ಇಂಡಿಯಾ ಕೂಟವನ್ನೇ ಮಾರ್ಚ್‌ಗೆ ಮುಂದೂಡಿದರು. ಹೇಗೂ ಎತ್ತರ ಹೆಚ್ಚಿರುವ ಕಡೆ ಹಿಮ ಹೆಚ್ಚು ದಿನ ನಿಲ್ಲುತ್ತದೆ ಎಂಬ ಒಂದೇ ಲೆಕ್ಕದ ಮೇಲೆ ಗುಲ್ಮಾರ್ಗ ಗೆದ್ದಿತು.

ಯಾವಾಗ? ಇದು ಹಿಮಾಲಯಕ್ಕೂ ಕರ್ನಾಟಕದ ಶಾಲೆಗಳಿಗೂ ಇರುವ ಹಳೆಯ ವೈರ. ನಮಗೆ ರಜೆ ದಸರಾಕ್ಕೆ, ಆಗ ಹಿಮ ಬಿದ್ದಿರುವುದಿಲ್ಲ. ಮತ್ತೆ ಏಪ್ರಿಲ್‌ಗೆ, ಆಗ ಕೆಳಗಿನ ಹಿಮ ಕರಗಿರುತ್ತದೆ. ಜಾರಲು ಹದವಾದ ಫೆಬ್ರುವರಿಯಲ್ಲಿ ಮಕ್ಕಳು ಪ್ರಿಪರೇಟರಿ ಪರೀಕ್ಷೆಗಳ ಇಳಿಜಾರಿನಲ್ಲಿರುತ್ತಾರೆ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಆಮೇಲೆ ಪಿಯು, ಆಮೇಲೆ ಸಿಇಟಿ. “ಈ ವರ್ಷ ಬಿಟ್ಟರೆ ನಾನು ಸ್ಕೀ ಕಲಿಯೋದು ಮದುವೆ ಆದ್ಮೇಲೆನೇ,” ಎಂದಳು ಮಗಳು. ಆ ಏಟಿಗೆ ಅಪ್ಪ ಫೆಬ್ರುವರಿಗೇ ವಿಮಾನದ ಟಿಕೆಟ್ ಮಾಡಿಸಿಬಿಟ್ಟರು. ಶಾಲೆಗೆ ಕೊಡುವ ರಜಾ ಅರ್ಜಿಯಲ್ಲಿ ಜ್ವರ ಎಂದು ಬರೆಯುವುದೋ, ಬಂಧುಗಳ ಗೃಹಪ್ರವೇಶ ಎಂದೋ ಎನ್ನುವುದು ಇನ್ನೂ ಇತ್ಯರ್ಥವಾಗಿಲ್ಲ.

ಗೊಂಡೊಲಾದ ಟಿಕೆಟ್ಟನ್ನು ಮುಂಚಿತವಾಗಿ ಆನ್‌ಲೈನಿನಲ್ಲೇ ಕೊಳ್ಳಬೇಕು. ಮೊದಲ ಹಂತಕ್ಕೆ ಐವರಿಗೂ ಸಿಕ್ಕಿದೆ, ಎರಡನೆಯದಕ್ಕೆ ಎರಡೇ. ಒಂದು ಮಗಳದು ಎಂಬುದರಲ್ಲಿ ತಕರಾರಿಲ್ಲ. ಇನ್ನೊಂದಕ್ಕೆ, ಮೂರು ದಿನದಿಂದ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿರುವ ಅಜ್ಜಿ ತಮ್ಮ ಹೆಸರು ಕೊಟ್ಟಿದ್ದಾರೆ.