ಧಾರೆ ಹೊತ್ತಿನ ಪಿನ್ನು

ಮದುವೆ ಸಾಂಗವಾಗಿ ನಡೆದದ್ದು ಯಾರಿಂದ ಎಂದು ಕೇಳಿದರೆ ಜನ ಪುರೋಹಿತರನ್ನೋ, ಅಡಿಗೆ ಭಟ್ಟರನ್ನೋ, ಛತ್ರದ ಮ್ಯಾನೇಜರನ್ನೋ ತೋರಿಸುತ್ತಾರೆ. ಮಂಡ್ಯ, ಮದ್ದೂರು, ಮಳವಳ್ಳಿಯ ಛತ್ರಗಳಲ್ಲಿ ಉಂಡು ಬೆಳೆದ ನನ್ನನ್ನು ಕೇಳಿದರೆ, ಪಿನ್ನಿನಿಂದ ಎನ್ನುತ್ತೇನೆ.

ಹೆಣ್ಣಿನ ಸೀರೆಯನ್ನೇ ನೋಡಿ. ಮಳವಳ್ಳಿ ಸೀಮೆಯ ಹಿಪ್ಪುನೇರಳೆ ಸೊಪ್ಪು ತಿಂದ ಹುಳು ಗೂಡು ಕಟ್ಟುತ್ತದೆ, ಗೂಡು ರಾಮನಗರದ ಮಾರುಕಟ್ಟೆಗೆ ಹೋಗಿ ನೂಲಾಗಿ ಮಗ್ಗ ಹತ್ತುತ್ತದೆ. ನಾಲ್ವಡಿಯವರ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ನೇಯ್ಗೆ ಕಾರ್ಖಾನೆ ಶುರುವಾದ ಮೇಲೆ ಮೈಸೂರು ಸಿಲ್ಕು ಮನೆಮಾತಾಯಿತು. ಈ ಕ್ರೇಪ್ ಸೀರೆ ಮೈಗೇನೋ ಹಿತ, ಆದರೆ ಹೆಗಲ ಮೇಲೆ ನಿಲ್ಲಬೇಕಲ್ಲ! ಸೆರಗು ಜಾರಿದ್ದೇ ತಡ, ಚಿಕ್ಕವ್ವ ತನ್ನ ತಾಳಿಸರಕ್ಕೆ ಕೈ ಹಾಕುತ್ತಾಳೆ. ಅಲ್ಲಿ ತಾಳಿ, ಕರಿಮಣಿ, ಹವಳದ ಸಂಗಡ ಎರಡು ಪಿನ್ನು ನೇತಾಡುತ್ತಿರುತ್ತವೆ. "ಒಸಿ ಅಲ್ಲಾಡ್ದಂಗೆ ನಿಂತ್ಕಳವ್ವ!"

ಗಂಡಿನ ಪಾಡು ಇನ್ನೂ ಫಜೀತಿ. ಪ್ಯಾಂಟಿನಲ್ಲೇ ಬೆಳೆದವನಿಗೆ ಕಚ್ಚೆಪಂಚೆ ಉಡಿಸಲು ಸೋದರಮಾವನೇ ಬರಬೇಕು. ನೆರಿಗೆ ಹಿಡಿದರೆ ಕಚ್ಚೆ ಬಿಡುತ್ತದೆ, ಕಚ್ಚೆ ಸಿಕ್ಕಿಸಿದರೆ ನೆರಿಗೆ ಉದುರುತ್ತದೆ. ತಲೆಗೆ ಬಾಡಿಗೆ ಪೇಟ, ಅದೂ ಇನ್ಯಾರದೋ ಅಳತೆಯದು. ಹಣೆಗೆ ಬೆಂಡಿನ ಬಾಸಿಂಗ. ಧಾರೆಗೆ ತಲೆ ಬಗ್ಗಿಸಿದರೆ ಬಾಸಿಂಗ ಮೂಗಿಗೆ ಬರುತ್ತದೆ. ಫೋಟೋದವನು ಕೂಗಿದನೆಂದು ತಲೆ ಎತ್ತಿದರೆ ಪೇಟ ಹಿಂದಕ್ಕೆ ವಾಲುತ್ತದೆ. "ಯಾರ್ತಾವಾರ ಪಿನ್ನೈತೇನ್ರವ್ವಾ?" ಎಂದು ಮಾವ ಕೂಗಿದ್ದೇ ಹೆಂಗಸರೆಲ್ಲ ಬಳೆ ತಡಕುತ್ತಾರೆ. ಮಂತ್ರ ಒಂದು ಗಳಿಗೆ ನಿಲ್ಲುತ್ತದೆ.

ಈ ಸೇಫ್ಟಿ ಪಿನ್ನಿನ ಜನಕ ಅಮೆರಿಕದ ವಾಲ್ಟರ್ ಹಂಟ್. 15 ಡಾಲರ್ ಸಾಲ ತೀರಿಸುವ ಚಿಂತೆಯಲ್ಲಿ ತಂತಿ ಬಗ್ಗಿಸುತ್ತಾ ಕೂತವನಿಗೆ ಇದು ಹೊಳೆಯಿತಂತೆ. 1849ರಲ್ಲಿ ಪೇಟೆಂಟ್ ಪಡೆದು, 400 ಡಾಲರಿಗೆ ಮಾರಿ ಕೈ ತೊಳೆದುಕೊಂಡ. ಸಾಲ ತೀರಿಸಲು ಹುಟ್ಟಿದ ವಸ್ತು ಈಗ ಕಬ್ಬಿನ ಬಾಕಿ ನಂಬಿ ಸಾಲ ಮಾಡಿ ನಡೆಸುವ ನಮ್ಮ ಮದುವೆಗಳ ಮಾನ ಕಾಯುತ್ತಿದೆ.

ಡಾಬು ಎಷ್ಟು ಗ್ರಾಂ, ವಂಕಿ ಎಷ್ಟು ಗ್ರಾಂ, ಜುಮುಕಿ ಯಾವ ಅಂಗಡಿಯದು ಎಂದು ಬೀಗರು ಊಟದ ಪಂಕ್ತಿಯಲ್ಲೇ ಲೆಕ್ಕ ಹಾಕಿ ಮುಗಿಸುತ್ತಾರೆ. ಪಿನ್ನಿನ ಲೆಕ್ಕ ಇಟ್ಟವರಿಲ್ಲ. ಕಾಣದ ಹಾಗೆ ಚುಚ್ಚಿಕೊಂಡಿರುವುದೇ ಅದರ ಕಸುಬು.

ಮುಂದಿನ ಲಗ್ನಕ್ಕೆ ಹೋಗುವಾಗ ಮುಯ್ಯಿ ಕವರಿನ ಜೊತೆ ಒಂದು ಗೊಂಚಲು ಪಿನ್ನನ್ನೂ ಜೇಬಿಗೆ ಹಾಕಿಕೊಳ್ಳಿ. ಕವರು ಕೊಟ್ಟವರ ಹೆಸರು ಮುಯ್ಯಿ ಪುಸ್ತಕದಲ್ಲಿ ಒಂದು ಸಾಲಾಗುತ್ತದೆ, ಅಷ್ಟೆ. ಧಾರೆ ಹೊತ್ತಿನಲ್ಲಿ ಪಿನ್ನು ಕೊಟ್ಟವರ ಎಲೆಗೆ ಬೀಗರೂಟದಲ್ಲಿ ಎರಡು ತುಂಡು ಹೆಚ್ಚಿಗೆ ಬೀಳುತ್ತವೆ.