ಹೆಣದ ಗಾಡಿ ಬರಲಿಲ್ಲ

ಹಗಲು ಹೊತ್ತಿನಲ್ಲಿ ಎರಡು ಪ್ಯಾಲೆಟ್ಟು ಅಲ್ಲಿಂದ ಇಲ್ಲಿಗೆ ಸರಿಸಬೇಕಾದರೂ ಮೇಲಿನವರಿಗೆ ಮೇಲ್ ಹಾಕಿ, ಅವರು ‘ನೋಟೆಡ್’ ಅಂತ ಉತ್ತರ ಕೊಡುವುದನ್ನೇ ಕಾಯುವ ಆಸಾಮಿ ನಾನು. ವಸಂತನರಸಾಪುರದ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟ್ ಸೂಪರ್‌ವೈಸರ್. ಆದರೆ ರಾತ್ರಿ ಮುದ್ದೆ ಉಂಡು, ಕೈ ತೊಳೆದು, ಲ್ಯಾಪ್‌ಟಾಪ್ ತೆರೆದೆ ಅಂದರೆ ನಾನೇ ಮೇಯರ್. ನನ್ನ ನಗರದಲ್ಲಿ ಕೌನ್ಸಿಲ್ ಇಲ್ಲ, ವಿರೋಧ ಪಕ್ಷ ಇಲ್ಲ, ಸಾಮಾನ್ಯ ಸಭೆಯಲ್ಲಿ ಮೈಕ್ ಕಿತ್ತುಕೊಳ್ಳುವವರಿಲ್ಲ. ಮೇಲೊಂದು ನೀಲಿ ಹಕ್ಕಿ ಕೂತು ಪ್ರಜೆಗಳ ದೂರನ್ನು ಚಿಲಿಪಿಲಿ ಅನ್ನುತ್ತಿರುತ್ತದೆ. ಅದರ ಬಾಯಿ ಮುಚ್ಚಿಸುವ ಉಪಾಯವನ್ನೂ ಕಲಿತಿದ್ದೇನೆ.

‘ಈ ವಯಸ್ಸಿಗೆ ಗೇಮಾ ಭಾವ?’ ಅಂತ ಕೇಳುವವನು ನನ್ನ ಹೆಂಡತಿಯ ತಮ್ಮ. 2025ರಲ್ಲಿ ಕೇಂದ್ರ ಸರ್ಕಾರ ಕಾನೂನು ತಂದು ದುಡ್ಡಿನ ಆನ್‌ಲೈನ್ ಆಟಗಳ ಬಾಗಿಲು ಹಾಕಿಸುವವರೆಗೂ ಈತ ರಾತ್ರಿಯಿಡೀ ರಮ್ಮಿ ಆಡಿ, ಬೆಳಿಗ್ಗೆ ಕಣ್ಣು ಕೆಂಪಗೆ ಮಾಡಿಕೊಂಡು ತಟ್ಟೆ ಇಡ್ಲಿ ತಿನ್ನಲು ಹೋಗುತ್ತಿದ್ದ. ಅದಕ್ಕೆ ಮನೆಯಲ್ಲಿ ‘ಏನೋ ಪ್ರಯತ್ನ ಮಾಡ್ತಾವನೆ’ ಅನ್ನುವ ಮರ್ಯಾದೆ ಇತ್ತು. ಒಂದು ರೂಪಾಯಿ ಕಳೆಯದೆ ಒಳಚರಂಡಿ ಎಳೆಯುವ ನಾನು ಮಾತ್ರ ಸೋಮಾರಿ.

ನಾನಾಡುವ, ಊರು ಕಟ್ಟುವ ಈ ಜಾತಿಯ ಆಟಗಳ ವಂಶವೃಕ್ಷದ ಬುಡದಲ್ಲಿ ಒಂದು ಹೆಲಿಕಾಪ್ಟರ್ ಇದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು ಉದ್ಘಾಟನೆಯಾದ ಎಚ್‌ಎಎಲ್ ಕಾರ್ಖಾನೆಯ ಹೆಲಿಕಾಪ್ಟರ್ ಅಲ್ಲ. 1984ರಲ್ಲಿ ಅಮೆರಿಕದ ವಿಲ್ ರೈಟ್ ಎಂಬಾತ ಹೆಲಿಕಾಪ್ಟರಿನಲ್ಲಿ ಕೂತು ದ್ವೀಪಗಳ ಮೇಲೆ ಬಾಂಬು ಹಾಕುವ ಒಂದು ಆಟ ಮಾಡಿದ. ಮಾಡುತ್ತ ಮಾಡುತ್ತ ಅವನಿಗೆ ಬಾಂಬು ಹಾಕುವುದಕ್ಕಿಂತ ಕೆಳಗಿನ ದ್ವೀಪದಲ್ಲಿ ರಸ್ತೆ, ಕಾರ್ಖಾನೆ ಜೋಡಿಸುವುದರಲ್ಲೇ ರುಚಿ ಹತ್ತಿತು. ಜೇ ಫಾರೆಸ್ಟರ್ ಅನ್ನುವ ಪ್ರೊಫೆಸರು 1969ರಲ್ಲಿ ನಗರವನ್ನೇ ಲೆಕ್ಕದ ಸಮೀಕರಣಗಳಿಗೆ ಇಳಿಸಿ ಬರೆದಿದ್ದ ಪುಸ್ತಕ ಅವನ ಕೈಗೆ ಸಿಕ್ಕಿತು. ಎರಡೂ ಸೇರಿ 1989ರಲ್ಲಿ ‘ಸಿಮ್‌ಸಿಟಿ’ ಆಯಿತು. ಗೆಲ್ಲುವುದೂ ಇಲ್ಲ ಸೋಲುವುದೂ ಇಲ್ಲ, ಇದನ್ನು ಯಾರು ಕೊಳ್ಳುತ್ತಾರೆ ಅಂತ ಪ್ರಕಾಶಕರು ಮೊದಮೊದಲು ಹಿಂದೇಟು ಹಾಕಿದ್ದರಂತೆ. ಗೆಲುವೂ ಸೋಲೂ ಇಲ್ಲದೆ ನಡೆಯುತ್ತಲೇ ಇರುವುದು ಅಂದರೆ ಏನು ಅಂತ ಆ ಪುಣ್ಯಾತ್ಮರು ಒಂದು ಸಲ ನಮ್ಮ ತಾಲ್ಲೂಕು ಕಚೇರಿಗೆ ಬಂದು ನೋಡಿದ್ದರೆ ತಿಳಿಯುತ್ತಿತ್ತು.

ನಾನು ಆಡುವುದು ಅದರ ಮೊಮ್ಮಗ ‘ಸಿಟೀಸ್: ಸ್ಕೈಲೈನ್ಸ್’. 2015ರಲ್ಲಿ ಫಿನ್‌ಲ್ಯಾಂಡಿನ ಟಾಂಪೆರೆ ಊರಿನ ಒಂದು ಪುಟ್ಟ ಕಂಪನಿ ಮಾಡಿದ್ದು. ಬೇರೆಯವನ್ನೂ ರುಚಿ ನೋಡಿದ್ದೇನೆ. ‘ಫಾರ್ಮಿಂಗ್ ಸಿಮ್ಯುಲೇಟರ್’ ಆಡುವುದು ನಮ್ಮಂಥವರಿಗಲ್ಲ. ಅದರಲ್ಲಿ ಭತ್ತ ಬಂದದ್ದೇ 2024ರಲ್ಲಿ, ರಾಗಿಯ ಸುಳಿವೇ ಇಲ್ಲ. ಮೇಲಾಗಿ, ಹೊಲದ ಕೆಲಸ ತಪ್ಪಿಸಿಕೊಳ್ಳಲು ಡಿಪ್ಲೊಮಾ ಓದಿದವನು ಮನೆಗೆ ಬಂದು ಪರದೆಯ ಮೇಲೆ ಉಳುವುದು ಯಾವ ನ್ಯಾಯ? ‘ಯೂರೋ ಟ್ರಕ್ ಸಿಮ್ಯುಲೇಟರ್’ ಒಳ್ಳೆಯ ಆಟ, ಆದರೆ ಬಹುಪಾಲು ದೇಶಗಳಲ್ಲಿ ಬಲಗಡೆ ಓಡಿಸಬೇಕು, ಯಾರೂ ರಾಂಗ್ ಸೈಡಿನಲ್ಲಿ ಎದುರಿನಿಂದ ಬರುವುದಿಲ್ಲ, ಹಾಗಾಗಿ ನಿದ್ದೆ ಬರುತ್ತದೆ. ನನ್ನ ಅಕ್ಕನ ಮಗ ಮೊಬೈಲಿನಲ್ಲಿ ‘ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ’ ಆಡುತ್ತಾನೆ. ಜಾವಾದವರೂ ನಮ್ಮಂತೆ ಎಡಗಡೆಯೇ ಓಡಿಸುವುದರಿಂದ ಅವನಿಗೆ ಅನುಕೂಲ. ಬಸ್ಸಿಗೆ ನಮ್ಮ ಕೆಂಪು ಕೆಎಸ್‌ಆರ್‌ಟಿಸಿ ಬಣ್ಣ ಬಳಿದುಕೊಂಡು, ತಾಳೆ ಮರ, ಮಸೀದಿ, ಭತ್ತದ ಗದ್ದೆ ದಾಟುತ್ತ ‘ಸಿರಾ, ಸಿರಾ, ಹಿರಿಯೂರು!’ ಅಂತ ಕೂಗುತ್ತಾನೆ. ಚಿಲ್ಲರೆ ವಾಪಸು ಕೊಡದಿರುವುದನ್ನು ಆಟದವರು ಇನ್ನೂ ಸೇರಿಸಿಲ್ಲ ಅನ್ನುವುದೊಂದೇ ಅವನ ಕೊರಗು.

ಇನ್ನು ‘ಫ್ಯಾಕ್ಟೋರಿಯೋ’. ಝೆಕ್ ದೇಶದವರದು. ಅದರಲ್ಲಿ ಯಾವುದೋ ಗ್ರಹಕ್ಕೆ ಬಂದು ಬಿದ್ದ ನೀನು ಗಣಿ ತೋಡಿ, ಬೆಲ್ಟು ಎಳೆದು, ಕಾರ್ಖಾನೆ ಬೆಳೆಸುತ್ತ ಹೋಗಬೇಕು. ಹೊಗೆ ಹರಡಿದಷ್ಟೂ ಆ ಗ್ರಹದಲ್ಲಿ ಮೊದಲಿನಿಂದ ಇದ್ದ ಹುಳುಗಳು ಸಿಟ್ಟಾಗಿ ಕಚ್ಚಲು ಬರುತ್ತವೆ. ಎಂಟು ಗಂಟೆ ಕನ್ವೇಯರ್ ಪಕ್ಕ ನಿಂತು ಬಂದವನಿಗೆ ರಾತ್ರಿಯೂ ಕನ್ವೇಯರ್ ಬೇಡವಾಗಿ ಬಿಟ್ಟೆ. ಆದರೆ ಒಂದು ಮಾತು ಹೇಳುತ್ತೇನೆ, ಇವುಗಳ ಪೈಕಿ ಪ್ರಾಮಾಣಿಕವಾದ ಆಟ ಅದೇ. ಇಲ್ಲಿ ಮುಂಚೆ ಯಾರೋ ಇದ್ದರು ಅಂತ ಅದು ಒಪ್ಪಿಕೊಳ್ಳುತ್ತದೆ.

ನನ್ನ ಆಟ ಒಪ್ಪುವುದಿಲ್ಲ. ಶುರುವಿಗೆ ಒಂದು ಹೆದ್ದಾರಿ, ಅದಕ್ಕೊಂದು ಎಕ್ಸಿಟ್ಟು, ಕೈಯಲ್ಲಿ 70,000 ದುಡ್ಡು, ಉಳಿದದ್ದೆಲ್ಲ ಹಸಿರು. ನೋಡಿದ ಕೂಡಲೇ ನನಗೆ ಇದು ನಮ್ಮದೇ ಅನ್ನಿಸಿತು. ಇಲ್ಲೂ ಹೆದ್ದಾರಿ 48, ಅದರಿಂದ ಒಳಕ್ಕೊಂದು ತಿರುವು. ಹಾಗಾಗಿ ವಸಂತನರಸಾಪುರವನ್ನೇ ಕಟ್ಟಲು ಕೂತೆ. ಫುಡ್ ಪಾರ್ಕಿಗೆ ಜಾಗ ಬಿಟ್ಟೆ. 2014ರ ಸೆಪ್ಟೆಂಬರ್ 24ರಂದು ಪ್ರಧಾನಿಯವರು ಬೆಳಿಗ್ಗೆ ಬೆಂಗಳೂರಿನಲ್ಲಿ ಮಂಗಳಯಾನ ಕಕ್ಷೆ ಸೇರುವುದನ್ನು ನೋಡಿಕೊಂಡು ಆಮೇಲೆ ಇಲ್ಲಿ ಬಂದು ಉದ್ಘಾಟಿಸಿದ್ದು ಅದನ್ನೇ. ಒಂದೇ ದಿನ ಮಂಗಳನ ಅಂಗಳವೂ ನಮ್ಮ ಕೋರಾ ಹೋಬಳಿಯೂ. ಚೆನ್ನೈ-ಬೆಂಗಳೂರು ಕಾರಿಡಾರು, ಜಪಾನಿನವರ ಟೌನ್‌ಶಿಪ್ಪು, ಪೇಪರಿನಲ್ಲಿ ಓದಿದ್ದನ್ನೆಲ್ಲ ನಾನು ಎರಡು ವಾರದಲ್ಲಿ ಮುಗಿಸಿದೆ. ರಸ್ತೆಗಳಿಗೆ ಗುಬ್ಬಿ ರೋಡು, ಕುಣಿಗಲ್ ರೋಡು ಅಂತ ಹೆಸರಿಟ್ಟೆ. ನೀರಿಗೆ ಪೈಪು ಎಳೆದೆ. ಹೇಮಾವತಿ ನೀರಿನ ಒಂದು ಲಿಂಕ್ ಕೆನಾಲು ನಮ್ಮ ಜಿಲ್ಲೆಯಲ್ಲಿ ಗುಬ್ಬಿಯವರನ್ನೂ ಕುಣಿಗಲ್ಲಿನವರನ್ನೂ ಎದುರುಬದುರು ನಿಲ್ಲಿಸಿರುವಾಗ, ನನ್ನ ಪೈಪಿಗೆ ಒಬ್ಬನೂ ರಸ್ತೆ ತಡೆ ಮಾಡಲಿಲ್ಲ.

ಜಮೀನಂತೂ ಕೇಳಲೇಬೇಡಿ. ಊರು ಬೆಳೆದಾಗ ಪಕ್ಕದ ಚೌಕ ಕೊಳ್ಳಬಹುದು. ಒಂದು ಚೌಕ ಅಂದರೆ ಹೆಚ್ಚೂಕಡಿಮೆ 900 ಎಕರೆ. ಒಂದು ಸಲ ಮೌಸ್ ಒತ್ತಿದರೆ ಆಯಿತು. ಪಹಣಿ ಬೇಡ, ಪೋಡಿ ಬೇಡ, ಪೌತಿ ಖಾತೆ ಬೇಡ, ತಂಗಿಯರ ಸಹಿ ಬೇಡ. ನಮ್ಮ ಕಡೆ ಮಗ್ಗಿ ಬಾರದ ಮುದುಕರಿಗೂ ಬಾಯಿಪಾಠವಾಗಿರುವ ಎರಡು ಸಂಖ್ಯೆಗಳಿವೆ, 28(1) ಮತ್ತು 28(4). 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯಲ್ಲಿ ಮೊದಲನೆಯದು ‘ನಿಮ್ಮ ಜಮೀನು ತಗೋಬೇಕು ಅಂತಿದೀವಿ’ ಅನ್ನುವ ನೋಟಿಫಿಕೇಷನ್ನು, ಎರಡನೆಯದು ‘ತಗೊಂಡ್ವಿ’. ನನ್ನ ಆಟದಲ್ಲಿ ಎರಡೂ ಇಲ್ಲ. ನಾನು ಕಂಡದ್ದೆಲ್ಲ ಖಾಲಿ, ಖಾಲಿ ಇದ್ದದ್ದೆಲ್ಲ ನನ್ನದು.

ಹೀಗೆ ರಾಜ್ಯಭಾರ ಸಾಗುತ್ತಿದ್ದಾಗಲೇ ನನ್ನ ಪ್ರಜೆಗಳು ಸಾಯತೊಡಗಿದರು.

ಈ ಆಟದಲ್ಲಿ ಜನಕ್ಕೆ ವಯಸ್ಸಾಗುತ್ತದೆ. ಸತ್ತರೆ ಆ ಮನೆಯ ಮೇಲೊಂದು ತಲೆಬುರುಡೆಯ ಗುರುತು ಮೂಡುತ್ತದೆ. ಸ್ಮಶಾನದಿಂದ ಹೆಣದ ಗಾಡಿ ಹೊರಟು ಎತ್ತಿಕೊಂಡು ಹೋಗಬೇಕು. ಹೋಗದಿದ್ದರೆ ಮಿಕ್ಕವರು ಮನೆ ಬಿಟ್ಟು ಓಡುತ್ತಾರೆ. ಆ ರಾತ್ರಿ ಗುಬ್ಬಿ ರೋಡಿನ ಈ ತುದಿಯಿಂದ ಆ ತುದಿಯವರೆಗೆ ಬುರುಡೆ. ಹೆಣದ ಗಾಡಿಗಳೆಲ್ಲ ಹೊರಟಿವೆ, ಆದರೆ ಕುಣಿಗಲ್ ಸರ್ಕಲ್ಲಿನಲ್ಲಿ ಲಾರಿಗಳು ಮೂರು ಲೇನು ಬಿಟ್ಟು ಒಂದೇ ಲೇನಿನಲ್ಲಿ ನಿಂತು ದಾರಿ ಕಟ್ಟಿವೆ. ನಾನು ಹೆಡ್‌ಫೋನ್ ಹಾಕಿಕೊಂಡು, ಇದೇ ಆಟದ ಹುಚ್ಚಿರುವ ಕ್ಯಾತ್ಸಂದ್ರದ ಗೆಳೆಯನಿಗೆ ಫೋನ್ ಹಚ್ಚಿದೆ. ಹೆಡ್‌ಫೋನ್ ಹಾಕಿದವನಿಗೆ ತನ್ನ ಗಂಟಲು ಎಷ್ಟು ದೊಡ್ಡದು ಅನ್ನುವುದು ಗೊತ್ತಾಗುವುದಿಲ್ಲವಲ್ಲ.

‘ಗುಬ್ಬಿ ಕಡೆ ಪೂರ್ತಿ ಹೋಗ್ಬುಟ್ಟವ್ರೆ ಕಣೋ! ಹೆಣ ಎತ್ತೋಕೆ ಗಾಡಿನೇ ಬತ್ತಿಲ್ಲ. ಕುಣಿಗಲ್‌ತಾವ ಲಾರಿ ಹಿಂದೆ ನಿಂತವೆ. ಸುಡೋಕೆ ಇನ್ನೊಂದು ಕಟ್ಟಿಸ್ಬೇಕು, ಕೈಲಿ ದುಡ್ಡಿಲ್ಲ!’

ಪಕ್ಕದ ಕೋಣೆಯಲ್ಲಿ ಮಲಗಿದ್ದ ಅಮ್ಮನಿಗೆ ಗುಬ್ಬಿ ಕಡೆ ಅಂದರೆ ನಿಟ್ಟೂರು, ನಿಟ್ಟೂರು ಅಂದರೆ ಅವಳ ಅಣ್ಣ. ಮಾವನಿಗೆ ಒಂದು ತಿಂಗಳಿನಿಂದ ಕೆಮ್ಮು ಬೇರೆ. ಅಮ್ಮ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಮಗ ದುಡ್ಡಿಲ್ಲ ಅಂತ ಒದ್ದಾಡುತ್ತಿದ್ದಾನೆ, ಅವನನ್ನು ಕೇಳುವುದೇನು? ಎದ್ದಳು, ನನ್ನ ಹೆಂಡತಿಯನ್ನು ಎಬ್ಬಿಸಿದಳು. ಇವಳು ಹೋಗಿ ಹಂಡೆ ಒಲೆಗೆ ಸೌದೆ ತುಂಬಿದಳು, ಸೂತಕದ ಸ್ನಾನ ಆಗಬೇಕಲ್ಲ. ಅಮ್ಮ ಟ್ರಂಕಿನ ತಳದಿಂದ ದುಡ್ಡು ತೆಗೆದು ಸೆರಗಿಗೆ ಗಂಟು ಹಾಕಿಕೊಂಡಳು. ಆಮೇಲೆ ಕುಣಿಗಲ್ಲಿನ ಚಿಕ್ಕಮ್ಮನಿಗೆ ಫೋನ್ ಮಾಡಿ ‘ಅಣ್ಣ ಹೋಗ್ಬುಟ್ನಂತೆ ಕಣೆ’ ಅಂದಳು. ಅಷ್ಟೂ ಆದ ಮೇಲೆ ಪಡಸಾಲೆಯ ಕಂಬಕ್ಕೊರಗಿ ಕೂತು, ಸೆರಗು ಬಾಯಿಗಿಟ್ಟುಕೊಂಡು, ರಾಗ ಎತ್ತಿ ಅಳಲು ಶುರು ಮಾಡಿದಳು. ಅಣ್ಣ ತನ್ನ ಮದುವೆಗೆ ಎರಡು ಗಾಡಿ ಕೊಬ್ಬರಿ ಮಾರಿದ್ದು, ತೌರಿಗೆ ಹೋದಾಗಲೆಲ್ಲ ಬಸ್‌ಸ್ಟ್ಯಾಂಡಿನವರೆಗೆ ಚೀಲ ಹೊತ್ತು ಬಂದದ್ದು, ಅತ್ತಿಗೆ ಮಾತ್ರ ಒಂದು ದಿನವೂ ನೆಟ್ಟಗೆ ಮಾತಾಡದಿದ್ದದ್ದು, ಎಲ್ಲವೂ ರಾಗದಲ್ಲಿ ಬಂದವು. ನಾನು ಒಳಗೆ ಕುಣಿಗಲ್ ಸರ್ಕಲ್ ಒಡೆದು ರಿಂಗ್ ರೋಡು ಹಾಕುತ್ತಿದ್ದೆ.

ಇತ್ತ ಕುಣಿಗಲ್ಲಿನ ಚಿಕ್ಕಮ್ಮ, ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟರೆ ಮಣ್ಣಿಗೆ ಸಿಗಬಹುದಾ ಅಂತ ವಿಚಾರಿಸಲು ನಿಟ್ಟೂರಿನ ಮನೆಗೇ ಫೋನ್ ಮಾಡಿದ್ದಾಳೆ. ಎತ್ತಿದವರು ಮಾವನೇ.

‘ಎಷ್ಟೊತ್ತಿಗೆ ಎತ್ತಾರಂತೆ?’

‘ಯಾರ್ನ?’

ಚಿಕ್ಕಮ್ಮ ಹೆದರಿ ಫೋನ್ ಇಟ್ಟುಬಿಟ್ಟಳು. ಮಾವನ ತಲೆ ಓಡಿತು: ನಮ್ಮ ಮನೆಯಲ್ಲಂತೂ ಯಾರೂ ಸತ್ತಿಲ್ಲ, ಅಂದ ಮೇಲೆ ತಂಗಿ ಮನೆಯಲ್ಲೇ. ನಮ್ಮ ಮನೆಗೆ ಫೋನ್ ಬಂತು. ಅಳು ನಿಲ್ಲಿಸದೆಯೇ ಅಮ್ಮ ಎತ್ತಿದಳು. ಆ ಕಡೆಯಿಂದ ಕೆಮ್ಮು, ಆಮೇಲೆ ಧ್ವನಿ: ‘ಯಾರಮ್ಮ ಹೋಗಿದ್ದು? ನಾನು ಈಗ್ಲೇ ಹೊರಡ್ಲಾ, ಬೆಳಿಗ್ಗೆ ಬರ್ಲಾ?’

ಅಮ್ಮ ಒಂದು ಕ್ಷಣ ಸುಮ್ಮನಾದಳು. ಆಮೇಲೆ ಬೈದಳು ನೋಡಿ! ಬದುಕಿರುವುದನ್ನು ಮೊದಲೇ ಹೇಳಬಾರದಿತ್ತಾ, ಇಡೀ ಟ್ರಂಕು ಕೆಡವಿದೆನಲ್ಲ, ಈ ವಯಸ್ಸಿನಲ್ಲಿ ಹೀಗೆ ಅಳಿಸುತ್ತೀಯಲ್ಲ, ಕೆಮ್ಮಿಗೆ ಔಷಧಿ ತಗೊಳ್ಳದೆ ಬೀಡಿ ಸೇದುತ್ತೀಯಲ್ಲ ಅಂತ. ಮಾವ ತಾನು ಬದುಕಿದ್ದಕ್ಕೆ ಕ್ಷಮೆ ಕೇಳಿ ಮಲಗಿದರು.

ಆಗ ನನ್ನ ಕೋಣೆಯ ದೀಪ ಹತ್ತಿತು, ಹೆಡ್‌ಫೋನ್ ಹೋಯಿತು. ಬೈಗುಳಕ್ಕೆ ತಲೆ ತಗ್ಗಿಸಿ ಕೂತೆ. ಅಮ್ಮ ಪರದೆ ನೋಡಿದಳು.

‘ಎಷ್ಟು ಜನ?’

‘ಮುನ್ನೂರು ಚಿಲ್ರೆ.’

‘ಏನಾಗಿತ್ತು?’

‘ವಯಸ್ಸಾಗಿತ್ತಮ್ಮ. ಎಲ್ಲಾ ಒಟ್ಟಿಗೇ ಬಂದೋರು, ಒಂದೇ ವಯಸ್ಸು.’

‘ಒಂದೇ ವಯಸ್ಸಿನೋರ್ನ ಒಂದೇ ದಿನ ಯಾಕ್ಲಾ ತುಂಬಿಸ್ದೆ? ಇವತ್ತು ನಾಕು ಮನೆ, ಮುಂದಿನ ಸುಗ್ಗಿಗೆ ನಾಕು ಮನೆ, ಹಂಗೆ ಕೂರಿಸ್ಬೇಕು. ಆಗ ಹುಟ್ಟೋರು ಹುಟ್ತಾರೆ, ಸಾಯೋರು ಸಾಯ್ತಾರೆ.’

ಇದನ್ನೇ ಪ್ರಪಂಚದ ಆಟಗಾರರೆಲ್ಲ ಸಾವಿನ ಅಲೆ ಅಂತ ಹೆಸರಿಟ್ಟು, ನಕ್ಷೆ ಬರೆದು, ಗಂಟೆಗಟ್ಟಲೆ ವಿಡಿಯೋ ಮಾಡಿ, ಕೊನೆಗೆ ಬಡಾವಣೆಗಳನ್ನು ಸ್ವಲ್ಪ ಸ್ವಲ್ಪವಾಗಿ ತೆರೆಯಿರಿ ಅಂತ ಕಂಡುಕೊಂಡಿದ್ದಾರೆ. ಅಮ್ಮನಿಗೆ ಅರ್ಧ ನಿಮಿಷ ಸಾಕಾಯಿತು.

‘ಇಲ್ಲಿ ಮುಂಚೆ ಯಾರಿದ್ರು?’ ಅಂತ ಕೇಳಿದಳು.

ಯಾರೂ ಇರಲಿಲ್ಲ, ಇದು ಖಾಲಿ ಜಾಗ ಅಂದೆ. ಅಮ್ಮ ನಂಬಲಿಲ್ಲ. ಅವಳ ಹತ್ತಿರದ ಸಂಬಂಧಿಕರೊಬ್ಬರ ಹೊಲವೂ ಹಿಂದೆ ಕೈಗಾರಿಕೆಗೆ ಹೋಗಿದೆ. ನನಗೆ ಅವರು ದೊಡ್ಡಪ್ಪ. ಬಂದ ದುಡ್ಡು ಎರಡು ಮದುವೆಗೆ, ಒಂದು ತಾರಸಿಗೆ ಆಯಿತು. ಈಗ ಅಲ್ಲೇ ಒಂದು ಗೇಟಿನಲ್ಲಿ ರಾತ್ರಿ ಪಾಳಿಯ ಸೆಕ್ಯುರಿಟಿ. ಒಂದು ಸಲ ನಮ್ಮ ಲಾರಿ ದಾರಿ ತಪ್ಪಿದಾಗ ಅವರಿಗೆ ಫೋನ್ ಮಾಡಿದ್ದೆ. ‘ಇಲ್ಲೇ ನಿಂತೈತೆ, ಹುಣಸೆ ಮರದ ತೆವರಿನ ತಾವ’ ಅಂದರು. ಡ್ರೈವರು ಬಿಹಾರದವನು. ನಾನು ಹೋಗಿ ನೋಡಿದರೆ ಟ್ರಾನ್ಸ್‌ಫಾರ್ಮರು, ಕಾಂಪೌಂಡು, ಟಾರು. ಮರ ಕಡಿದು ಎಷ್ಟೋ ವರ್ಷವಾಗಿದೆ. ದೊಡ್ಡಪ್ಪ ಟಾರ್ಚು ಹಿಡಿದು ಸರಿಯಾಗಿ ಅಲ್ಲೇ ನಿಂತಿದ್ದರು. ಅವರಿಗೆ ಗೇಟಿನ ನಂಬರು ಇವತ್ತಿಗೂ ಬರುವುದಿಲ್ಲ.

‘ಮಾರಮ್ಮನ ಗುಡಿ ಎಲ್ಲೈತೆ?’ ಅಂತ ಅಮ್ಮ ಮುಂದುವರಿಸಿದಳು. ಇಲ್ಲ. ‘ಕೆರೆ?’ ಇಲ್ಲ. ‘ಗೋಮಾಳ?’ ಪಾರ್ಕ್ ಇದೆ ಅಂದೆ. ‘ದನ ಬಿಡ್ತಾರಾ?’ ಬಿಡುವುದಿಲ್ಲ. ‘ಮತ್ತೆ ಸಾಯ್ದೆ ಏನ್ ಮಾಡ್ತಾರೆ’ ಅಂದು, ಸ್ಮಶಾನವನ್ನು ಊರಿನ ದಕ್ಷಿಣಕ್ಕೆ ಹಾಕಿಸಿ, ನದಿಯ ಮೇಲುಗಡೆ ಇದ್ದ ನನ್ನ ಕಾರ್ಖಾನೆಯನ್ನು ಕೆಳಕ್ಕೆ ತಳ್ಳಿಸಿ, ದುಡ್ಡು ಸಾಲದು ಅಂದಾಗ ‘ಸೊಸೈಟೀಲಿ ಕೇಳು’ ಅಂತ ಹೇಳಿ ಮಲಗಲು ಹೋದಳು. ಆಟದಲ್ಲಿ ಸಾಲ ಕೊಡುವ ಬ್ಯಾಂಕು ನಿಜವಾಗಿಯೂ ಇತ್ತು.

ಆಮೇಲೆ ನನಗೆ ಸೆಕೆಂಡ್ ಶಿಫ್ಟ್ ಬಂತು. ಮನೆ ಸೇರುವುದು ನಡುರಾತ್ರಿ. ನಾನಿಲ್ಲದ ಹೊತ್ತಿನಲ್ಲಿ ಮಗಳು ಮೌಸ್ ಹಿಡಿದು, ಅಜ್ಜಿ ಪಕ್ಕದಲ್ಲಿ ಎಲೆಅಡಿಕೆ ಹಾಕಿಕೊಂಡು ಕೂತು ಆಡಳಿತ ನಡೆಸುತ್ತಾರೆ ಅನ್ನುವುದು ತಿಳಿದದ್ದು ಒಂದು ಭಾನುವಾರ ನಾನೇ ಲ್ಯಾಪ್‌ಟಾಪ್ ತೆರೆದಾಗ. ಜನಸಂಖ್ಯೆ ಅರ್ಧಕ್ಕಿಳಿದಿದೆ. ಬುರುಡೆಗಳಿಲ್ಲ. ಜಪಾನಿನವರ ಟೌನ್‌ಶಿಪ್ಪಿಗೆ ಬಿಟ್ಟ ಜಾಗದಲ್ಲಿ ಸಾಲು ಮರ. ನನ್ನ ರಿಂಗ್ ರೋಡು ಕಿತ್ತುಹಾಕಿದ್ದಾರೆ. ಊರಿನ ಹೆಸರನ್ನೇ ಅಳಿಸಿ ನಿಟ್ಟೂರು ಅಂತ ಬರೆದಿದ್ದಾರೆ. ಮೇಯರ್ ನಾನು, ನನಗೊಂದು 28(1) ನೋಟಿಸಾದರೂ ಕೊಡಬೇಕಿತ್ತು ಅಂತ ಮಗಳ ಹತ್ತಿರ ಜಗಳ ತೆಗೆದೆ. ಅವಳು ಅಜ್ಜಿಯನ್ನು ಕೇಳಿಕೊಂಡು ಬಂದು, ಪರಿಹಾರ ಎಷ್ಟು ಬೇಕಂತೆ ಅಂತ ಕೇಳಿದಳು.