ಬಲಗೈಗೆ ಎಡಗಿವಿ

ನನ್ನನ್ನು ಒಂದನೇ ಕ್ಲಾಸಿಗೆ ಸೇರಿಸಿಕೊಂಡ ದಿನ ಹೆಡ್‌ಮೇಷ್ಟ್ರು ನನ್ನ ವಯಸ್ಸು ಕೇಳಲಿಲ್ಲ. ಕೇಳಿದ್ದರೂ ಹೇಳುವವರು ಯಾರು? ಅಪ್ಪನಿಗೆ ಗೊತ್ತಿರಲಿಲ್ಲ. ಅಮ್ಮನಿಗೆ ಗೊತ್ತಿತ್ತು, ಆದರೆ ಅವಳ ಲೆಕ್ಕದಲ್ಲಿ ಇಸವಿ ಇರಲಿಲ್ಲ. ಕೆಂದ ಹಸು ಮೊದಲನೇ ಸಲ ಈದ ವರ್ಷ, ಗೌರಿಹಬ್ಬಕ್ಕೆ ಇನ್ನೆರಡು ದಿನ ಇತ್ತು, ಅಷ್ಟೆ. ಮೇಷ್ಟ್ರು, "ಬಲಗೈ ಎತ್ತು, ತಲೆ ಮೇಲಿಂದ ತಂದು ಎಡಗಿವಿ ಮುಟ್ಟು" ಅಂದರು. ಮುಟ್ಟಿದೆ. "ಆರು ತುಂಬಿದೆ" ಎಂದು ಬರೆದುಕೊಂಡು, ಹುಟ್ಟಿದ ತಾರೀಖಿನ ಕಾಲಂನಲ್ಲಿ ಜೂನ್ 1 ಎಂದು ಹಾಕಿದರು. ನನ್ನ ಹಿಂದೆ ನಿಂತಿದ್ದ ಹುಡುಗನಿಗೆ ಕಿವಿ ಸಿಗಲಿಲ್ಲ. ಅವನು ನನಗಿಂತ ನಾಲ್ಕು ತಿಂಗಳು ದೊಡ್ಡವನು ಎಂದು ಅವನ ತಾಯಿ ಎಷ್ಟು ಹೇಳಿದರೂ ಮೇಷ್ಟ್ರು ಜಗ್ಗಲಿಲ್ಲ. "ಮುಂದಿನ ವರ್ಷ ಬಾ ಹೋಗು" ಅಂದುಬಿಟ್ಟರು.

ನಮ್ಮ ಕ್ಲಾಸಿನಲ್ಲಿ ಅರ್ಧಕ್ಕರ್ಧ ಮಂದಿ ಜೂನ್ ಒಂದಕ್ಕೇ ಹುಟ್ಟಿದವರು. ಅಷ್ಟೊಂದು ಹೆರಿಗೆಯನ್ನು ಊರಿನ ಒಬ್ಬಳೇ ಸೂಲಗಿತ್ತಿ ಒಂದೇ ದಿನದಲ್ಲಿ ಹೇಗೆ ನಿಭಾಯಿಸಿದಳೋ! ಇರಲಿ. ನನ್ನ ಕೈ ನಮ್ಮಪ್ಪನ ಕೈಯ ಹಾಗೆ ಉದ್ದ. ನಿಜವಾಗಿ ನನಗೆ ಆಗ ನಾಲ್ಕೂವರೆ ಎಂಬುದು ಅಮ್ಮನ ವಾದ. ಅದರ ಪರಿಣಾಮ ಕಂಡದ್ದು ಐವತ್ತನಾಲ್ಕು ವರ್ಷದ ನಂತರ, ಸರ್ಕಾರ ನನಗೆ ಹಾರ ಹಾಕಿ, ಶಾಲು ಹೊದಿಸಿ, ನಿವೃತ್ತಿ ಮಾಡಿ ಮನೆಗೆ ಕಳಿಸಿದಾಗ. ಕೈ ಉದ್ದವಿದ್ದ ತಪ್ಪಿಗೆ ಒಂದೂವರೆ ವರ್ಷದ ಸಂಬಳ ಹೋಯಿತು.

ಇಷ್ಟೆಲ್ಲ ನೆನಪಾದದ್ದು ಅಳಿಯನಿಂದ. ಹೋದ ತಿಂಗಳು ಅವನು ನನಗೊಂದು ರಕ್ತಪರೀಕ್ಷೆಯ ಪ್ಯಾಕೇಜನ್ನು ಉಡುಗೊರೆ ಕೊಟ್ಟ. ಹಿಂದೆಲ್ಲ ಅಳಿಯಂದಿರು ಮಾವನಿಗೆ ಪಂಚೆ ಕೊಡುತ್ತಿದ್ದರು. ಬಂದವರು ನಾಲ್ಕು ಸಣ್ಣ ಕೊಳವೆ ತುಂಬ ರಕ್ತ ತೆಗೆದುಕೊಂಡು ಹೋದರು, ಮೂರನೇ ದಿನ ಬಣ್ಣಬಣ್ಣದ ವರದಿ ಮೊಬೈಲಿಗೆ ಬಂತು. ಕೊನೆಯ ಪುಟದಲ್ಲಿ ದಪ್ಪಕ್ಷರದಲ್ಲಿ: ನಿಮ್ಮ ಜೈವಿಕ ವಯಸ್ಸು 66. ಅಂದರೆ ಈಗ ನನಗೆ ಮೂರು ವಯಸ್ಸು. ಶಾಲೆಯ ಪ್ರಕಾರ 62, ಅಮ್ಮನ ಪ್ರಕಾರ ಅರವತ್ತೂವರೆ, ರಕ್ತದ ಪ್ರಕಾರ 66. ಹೆಂಡತಿ ವರದಿಯನ್ನು ಓದಿ, "ನೋಡಿ, ಇದೊಂದೇ ಸರಿಯಾಗಿರೋದು" ಅಂದಳು.

ರಾತ್ರಿಯೆಲ್ಲ ಕೂತು ಓದಿದೆ. ಮೈಯ ವಯಸ್ಸು ಹೇಳುವ ಇಂಥ ಪರೀಕ್ಷೆಗಳಿಗೆ ಗಡಿಯಾರ ಎನ್ನುತ್ತಾರಂತೆ. ಈ ಗಡಿಯಾರಗಳ ವಂಶವೃಕ್ಷದಲ್ಲಿ ದೊಡ್ಡ ಹೆಸರು ಸ್ಟೀವ್ ಹೊರ್ವಾತ್, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯಲ್ಲಿದ್ದವರು. ನಮ್ಮ ಜೀವಕೋಶದ ಡಿಎನ್‌ಎ ಮೇಲೆ ಅಲ್ಲಲ್ಲಿ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತು ಅಂಟಿಕೊಂಡಿರುತ್ತದೆ, ಹಳೇ ರೇಷನ್ ಕಾರ್ಡಿನ ಬೆನ್ನ ಮೇಲೆ ಬಿದ್ದ ಮೊಹರುಗಳ ಹಾಗೆ. ವಯಸ್ಸಾದಂತೆ ಕೆಲವು ಜಾಗದಲ್ಲಿ ಮೊಹರು ಹೆಚ್ಚುತ್ತದೆ, ಕೆಲವು ಜಾಗದಲ್ಲಿ ಅಳಿಸುತ್ತದೆ. ಅಂಥ 353 ಜಾಗಗಳನ್ನು ಆರಿಸಿ, ಅವುಗಳನ್ನು ನೋಡಿದರೆ ಮನುಷ್ಯನ ವಯಸ್ಸು ಹೇಳಬಹುದು ಎಂದು ಹೊರ್ವಾತ್ 2013ರಲ್ಲಿ ತೋರಿಸಿದರು. ರಕ್ತವಾಗಲಿ, ಮಿದುಳಾಗಲಿ, ಲಿವರ್ ಆಗಲಿ, ಉತ್ತರ ಸುಮಾರು ಮೂರೂವರೆ ವರ್ಷದ ಆಚೆ ಈಚೆ. ಪಂಚಾಂಗವನ್ನೂ ಕೇಳಬೇಕಿಲ್ಲ, ಅಮ್ಮನನ್ನೂ ಕೇಳಬೇಕಿಲ್ಲ.

ಓದುತ್ತ ಓದುತ್ತ ನನಗೆ ನಮ್ಮ ಹೆಡ್‌ಮೇಷ್ಟ್ರ ಮೇಲೆ ಗೌರವ ಉಕ್ಕಿ ಬಂತು. ಅವರು ಮಾಡಿದ್ದೂ ಇದನ್ನೇ ಅಲ್ಲವೆ? ಹುಟ್ಟಿದ ಮಗುವಿನ ತಲೆ ಮೈಯುದ್ದದ ಕಾಲು ಭಾಗ ಇರುತ್ತದೆ. ದೊಡ್ಡವರಾಗುವ ಹೊತ್ತಿಗೆ ಎಂಟನೇ ಒಂದು. ತಲೆ ನಿಧಾನವಾಗಿ, ಕೈಕಾಲು ಬೇಗಬೇಗ ಬೆಳೆದು, ಆರರ ಸುಮಾರಿಗೆ ಕೈಗೆ ಕಿವಿ ಎಟುಕುತ್ತದೆ. ಕಾಗದ ಹೇಳದ ವಯಸ್ಸನ್ನು ಮೈಯಿಂದ ಹೇಳಿಸುವ ಉಪಾಯ. ಕೊಳವೆ ಬೇಡ, ಸೂಜಿ ಬೇಡ, ಜಿಎಸ್‌ಟಿಯೂ ಇಲ್ಲ. ತಪ್ಪುವುದೂ ಹಾಗೆಯೇ: ಗುಂಪಿನ ಮಟ್ಟಿಗೆ ಸರಿ, ಉದ್ದಕೈಯ ಒಬ್ಬ ಹುಡುಗ ಬಂದರೆ ಕೆಟ್ಟಿತು. ಈಗಿನ ಗಡಿಯಾರಗಳ ಕಷ್ಟವೂ ಅದೇ. ಸಾವಿರ ಜನರ ಸರಾಸರಿಗೆ ಚೆನ್ನಾಗಿ ಕೂರುತ್ತವೆ, ಒಬ್ಬೊಬ್ಬರ ವಿಚಾರಕ್ಕೆ ಬಂದರೆ ತಡವರಿಸುತ್ತವೆ. ಒಂದೇ ರಕ್ತವನ್ನು ಎರಡು ಸಲ ಅಳೆದರೆ ವರ್ಷಗಟ್ಟಲೆ ವ್ಯತ್ಯಾಸ ಹೇಳುವ ಗಡಿಯಾರಗಳೂ ಇವೆ. ಇದನ್ನು ಓದಿದ ಮೇಲೆ 66 ಎಂಬುದರ ನೋವು ಸ್ವಲ್ಪ ಕಡಿಮೆಯಾಯಿತು.

ಕಾಗದವನ್ನು ನಂಬುವವರ ಗತಿ ಏನಾಗುತ್ತದೆ ಎಂಬುದಕ್ಕೆ ಜಪಾನಿನ ಕತೆಯೇ ಸಾಕು. 2010ರಲ್ಲಿ ಟೋಕಿಯೊದ ಅತಿ ಹಿರಿಯ ಗಂಡಸಿಗೆ 111 ತುಂಬಿತೆಂದು ಅಭಿನಂದಿಸಲು ಅಧಿಕಾರಿಗಳು ಮನೆಗೆ ಹೋದರು. ಆತ ಸತ್ತು ಸುಮಾರು ಮೂವತ್ತು ವರ್ಷವಾಗಿತ್ತು. ಒಣಗಿದ ದೇಹ ಹಾಸಿಗೆಯ ಮೇಲೇ ಇತ್ತು, ಪಿಂಚಣಿ ಮಾತ್ರ ತಪ್ಪದೆ ಬರುತ್ತಿತ್ತು. ಗಾಬರಿಯಾಗಿ ದೇಶದ ದಾಖಲೆಯನ್ನೆಲ್ಲ ಜಾಲಾಡಿದಾಗ, ನೂರು ದಾಟಿದವರೆಂದು ಬರೆದಿದ್ದವರಲ್ಲಿ 2,30,000ಕ್ಕೂ ಹೆಚ್ಚು ಮಂದಿಯ ಪತ್ತೆಯೇ ಇಲ್ಲ. ಸಾಲ್ ನ್ಯೂಮನ್ ಎಂಬ ಸಂಶೋಧಕ ಇಂಥದ್ದನ್ನೇ ಬೆನ್ನು ಹತ್ತಿದವರು. ಅಮೆರಿಕದ ರಾಜ್ಯಗಳಲ್ಲಿ ಜನನ ಪ್ರಮಾಣಪತ್ರ ಜಾರಿಗೆ ಬಂದ ಮೇಲೆ 110 ದಾಟಿದವರ ಸಂಖ್ಯೆ ಶೇ. 69ರಿಂದ 82ರಷ್ಟು ಬಿದ್ದುಹೋಯಿತಂತೆ. ದೀರ್ಘಾಯುಸ್ಸಿನ ಗುಟ್ಟು ಆಲಿವ್ ಎಣ್ಣೆಯಲ್ಲಿಲ್ಲ, ರೆಕಾರ್ಡು ಸರಿಯಾಗಿ ಇಡದ ಗುಮಾಸ್ತನಲ್ಲಿದೆ! ಅವರಿಗೆ 2024ರಲ್ಲಿ ಇಗ್ ನೊಬೆಲ್ ಬಂತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಕೆಲಸಕ್ಕೆ ಕೊಡುವ ಬಹುಮಾನ ಅದು.

ಕಾಗದ ಗಟ್ಟಿಯಾಗಿದ್ದೂ ಲೆಕ್ಕ ತಪ್ಪಿದವರುಂಟು. ಫ್ರಾನ್ಸಿನ ಆರ್ಲ್ ಪಟ್ಟಣದ ಜಾನ್ ಕಾಲ್ಮಾ ಎಂಬಾಕೆಗೆ 90 ಆದಾಗ ವಕೀಲರೊಬ್ಬರು ಆಕೆಯ ಮನೆಯ ಮೇಲೆ ಕರಾರು ಮಾಡಿಕೊಂಡರು: ಆಕೆ ಬದುಕಿರುವವರೆಗೆ ತಿಂಗಳಿಗೆ 2,500 ಫ್ರಾಂಕ್, ಹೋದ ಮೇಲೆ ಮನೆ ತಮಗೆ. ಮೂವತ್ತು ವರ್ಷ ಹಣ ಕಟ್ಟಿ ವಕೀಲರೇ ಹೋದರು. ಉಳಿದ ಕಂತನ್ನು ಅವರ ಹೆಂಡತಿ ಕಟ್ಟಿದರು. ಅಜ್ಜಿ 1997ರಲ್ಲಿ, 122 ವರ್ಷ 164 ದಿನಕ್ಕೆ ತೀರಿಕೊಂಡಳು. ಆಕೆಯ ಹೆಸರಿನಲ್ಲಿ ಇದ್ದದ್ದು ಮಗಳು ಎಂದು ವಾದಿಸುವವರಿದ್ದಾರೆ, ಹೆಚ್ಚಿನವರು ಒಪ್ಪಿಲ್ಲ. ನೂರು ದಾಟಿದ ಮೇಲೂ ಸಿಗರೇಟು ಸೇದುತ್ತಿದ್ದಳು ಎಂಬ ಭಾಗವನ್ನು ನಾನು ಮನೆಯಲ್ಲಿ ಜೋರಾಗಿ ಓದಲಿಲ್ಲ.

ವಯಸ್ಸನ್ನು ಅಳೆಯುವುದು ಹೀಗಾಯಿತು, ತಡೆಯುವುದು? ನಮ್ಮ ಪುರಾಣದಲ್ಲಿ ಅಮೃತಕ್ಕೆ ಬೆಟ್ಟವನ್ನೇ ಕಡೆಗೋಲು ಮಾಡಿದರು. ವಿಜ್ಞಾನಿಗಳು ಕೆದಕಿದ್ದು ಮಣ್ಣನ್ನು. 1993ರಲ್ಲಿ ಸಿಂಥಿಯಾ ಕೆನ್ಯನ್ ಒಂದು ಮಿಲಿಮೀಟರ್ ಉದ್ದದ ಮಣ್ಣಿನ ಹುಳದಲ್ಲಿ ಒಂದೇ ಒಂದು ಜೀನ್ ಕೆಟ್ಟರೆ ಅದರ ಆಯಸ್ಸು ಎರಡರಷ್ಟಾಗುತ್ತದೆ ಎಂದು ತೋರಿಸಿದರು. ಮುದಿ ಹುಳ ಮಲಗಿಕೊಂಡು ದಿನ ದೂಡಲಿಲ್ಲ, ಹುಡುಗನ ಹಾಗೆ ಹರಿದಾಡಿತು. ಅಲ್ಲಿಯವರೆಗೆ ಮುಪ್ಪೆಂದರೆ ಹಳೇ ಸ್ಕೂಟರ್ ಸವೆದ ಹಾಗೆ ಎಂದುಕೊಂಡಿದ್ದವರೆಲ್ಲ, ಓಹೋ, ಇದಕ್ಕೂ ಒಂದು ತಿರುಗುಣಿ ಇದೆ ಎಂದು ಎದ್ದು ಕೂತರು.

ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಐಸ್‌ಕ್ರೀಮಿನ ಕತೆ. 1964ರಲ್ಲಿ ಕೆನಡಾದ ತಂಡವೊಂದು ಪೆಸಿಫಿಕ್ ಸಾಗರದ ನಡುವಿನ ಈಸ್ಟರ್ ದ್ವೀಪಕ್ಕೆ ಹೋಗಿ ಮಣ್ಣಿನ ಮಾದರಿ ತಂದಿತು. ಆ ಮಣ್ಣಿನ ಬ್ಯಾಕ್ಟೀರಿಯಾದಿಂದ ಮಾಂಟ್ರಿಯಲ್‌ನ ಔಷಧ ಕಂಪನಿಯ ಪ್ರಯೋಗಾಲಯದಲ್ಲಿ ಸುರೇನ್ ಸೆಹಗಲ್ ಒಂದು ಮದ್ದು ಬೇರ್ಪಡಿಸಿದರು. ಸೆಹಗಲ್ ಅವಿಭಜಿತ ಪಂಜಾಬಿನಲ್ಲಿ ಹುಟ್ಟಿದವರು. ದ್ವೀಪದ ಸ್ಥಳೀಯ ಹೆಸರು ರಾಪಾ ನುಯಿ, ಹಾಗಾಗಿ ಮದ್ದು ರಾಪಾಮೈಸಿನ್. ಎಂಬತ್ತರ ದಶಕದ ಮೊದಲಲ್ಲಿ ಪ್ರಯೋಗಾಲಯ ಮುಚ್ಚಿತು, ಇದ್ದದ್ದನ್ನು ನಾಶ ಮಾಡಿ ಎಂದು ಮೇಲಿನವರು ಹೇಳಿದರು. ಸೆಹಗಲ್ ಮೇಲಿನವರ ಮಾತು ಕೇಳಲಿಲ್ಲ. ಮದ್ದನ್ನು ತಯಾರಿಸುವ ಬ್ಯಾಕ್ಟೀರಿಯಾವನ್ನು ಮನೆಗೆ ತಂದು, ಐಸ್‌ಕ್ರೀಮಿನ ಪಕ್ಕ ಫ್ರೀಜರಿನಲ್ಲಿಟ್ಟು, "ತಿನ್ನಬೇಡಿ" ಎಂದು ಚೀಟಿ ಅಂಟಿಸಿದರು. ನಮ್ಮ ಮನೆಯ ಫ್ರಿಜ್ಜಿನಲ್ಲಿ ಅಂಥ ಚೀಟಿ ಅಂಟಿಸಿದರೆ ಮಾರನೆಯ ದಿನ ಡಬ್ಬಿ ಖಾಲಿ. ಅವರ ಮನೆಯವರು ಒಳ್ಳೆಯವರು. ಅದು ವರ್ಷಗಟ್ಟಲೆ ಅಲ್ಲೇ ಉಳಿಯಿತು, ಊರು ಬದಲಾದಾಗ ಸಾಮಾನಿನ ಜೊತೆ ಹೊರಟಿತು, ಕೊನೆಗೆ 1999ರಲ್ಲಿ ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ಔಷಧವಾಗಿ ಬಂತು.

ಸೆಹಗಲ್ 2003ರಲ್ಲಿ ತೀರಿಕೊಂಡರು. ಮುಂದಿನದನ್ನು ಅವರು ನೋಡಲಿಲ್ಲ. ಅಮೆರಿಕದ ಮೂರು ಪ್ರಯೋಗಾಲಯಗಳಲ್ಲಿ ಇಲಿಗಳಿಗೆ ಈ ಮದ್ದು ಕೊಡಬೇಕೆಂದಾಗ ಅದು ಆಹಾರದಲ್ಲಿ ಕೆಡುತ್ತಿತ್ತು. ಅದನ್ನು ಸರಿಮಾಡುವಷ್ಟರಲ್ಲಿ ಇಲಿಗಳಿಗೆ 600 ದಿನವಾಗಿ, ಮನುಷ್ಯರ ಲೆಕ್ಕದಲ್ಲಿ ಅರವತ್ತರ ಆಸುಪಾಸಿಗೆ ಬಂದಿದ್ದವು. ಇನ್ನೇನು ಕೊಟ್ಟು ಏನು ಎನ್ನುವಂಥ ವಯಸ್ಸು. ಆದರೂ ಕೊಟ್ಟರು. 2009ರಲ್ಲಿ ಪ್ರಕಟವಾದ ಫಲಿತಾಂಶ: ಆಯಸ್ಸಿನ ತುದಿ ಹೆಣ್ಣಿಲಿಗಳಲ್ಲಿ ಶೇ. 14, ಗಂಡಿಲಿಗಳಲ್ಲಿ ಶೇ. 9ರಷ್ಟು ಮುಂದಕ್ಕೆ ಹೋಗಿತ್ತು. ಅರವತ್ತು ದಾಟಿದವನಾಗಿ ನಾನು ಈ ಇಲಿಗಳನ್ನು ಸ್ವಂತ ನೆಂಟರಂತೆ ಕಾಣುತ್ತೇನೆ. ಆದರೆ ಮದ್ದಿಗೆ ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಗುಣವೂ ಇದೆ, ಮನುಷ್ಯರ ಆಯಸ್ಸನ್ನು ಹೆಚ್ಚಿಸುತ್ತದೆ ಎಂದು ಯಾರೂ ಸಾಬೀತು ಮಾಡಿಲ್ಲ. ಅಳಿಯನಿಗೆ ಇದರ ಸುದ್ದಿ ನಾನು ಹೇಳಿಲ್ಲ.

ಅದು ಕೆಲಸ ಮಾಡುವ ಬಗೆ ಮಾತ್ರ ನಮ್ಮ ಅಜ್ಜಿಯರಿಗೆ ಅರ್ಥವಾಗುವಂಥದ್ದು. ಜೀವಕೋಶದೊಳಗೆ ಎಂಟಾರ್ ಎಂಬ ಮೇಸ್ತ್ರಿ ಇದ್ದಾನೆ. ಊಟ ಬರುತ್ತಿದ್ದರೆ "ಕಟ್ಟಿ, ಕಟ್ಟಿ" ಅನ್ನುತ್ತಾನೆ. ಊಟ ನಿಂತರೆ ಅವನು ಸುಮ್ಮನಾಗುತ್ತಾನೆ, ಆಗ ಕಟ್ಟಡದ ಕೆಲಸ ನಿಂತು, ಆಳುಗಳು ಮೂಲೆಯ ಕಸ ಗುಡಿಸಿ, ಹಳೇ ಸಾಮಾನು ಒಡೆದು ಮತ್ತೆ ಬಳಸುತ್ತಾರೆ. ರಾಪಾಮೈಸಿನ್ ಈ ಮೇಸ್ತ್ರಿಯ ಬಾಯಿ ಮುಚ್ಚಿಸುತ್ತದೆ. ಆ ಕಸ ಗುಡಿಸುವ ಬಗೆಯನ್ನು ಯೀಸ್ಟ್‌ನಲ್ಲಿ ಬಿಡಿಸಿಟ್ಟ ಯೊಶಿನೊರಿ ಒಸುಮಿಯವರಿಗೆ 2016ರ ನೊಬೆಲ್ ಬಂತು. ಕಡಿಮೆ ತಿಂದ ಇಲಿ ಹೆಚ್ಚು ದಿನ ಬದುಕುತ್ತದೆ ಎಂದು ಕಾರ್ನೆಲ್‌ನ ಕ್ಲೈವ್ ಮೆಕ್‌ಕೇ 1935ರಲ್ಲೇ ಹೇಳಿದ್ದರು. ಇದನ್ನು ಕೇಳಿ, ನಮ್ಮ ಏಕಾದಶಿ ಇದೇ ಅಲ್ಲವೆ ಎಂದು ಎದೆ ಉಬ್ಬಿಸುವವರಿಗೆ ನಮ್ಮ ಮನೆಯ ಏಕಾದಶಿಯನ್ನು ತೋರಿಸಬೇಕು. ಬೆಳಿಗ್ಗೆ ಅವಲಕ್ಕಿ, ಮಧ್ಯಾಹ್ನ ಸಬ್ಬಕ್ಕಿ ಖಿಚಡಿ, ನಾಲ್ಕಕ್ಕೆ ಬಾಳೆಹಣ್ಣಿನ ರಸಾಯನ, ರಾತ್ರಿ ಗೋಧಿ ಉಪ್ಪಿಟ್ಟು. ಮೇಸ್ತ್ರಿಗೆ ಆ ದಿನ ಓವರ್‌ಟೈಮ್.

ಮಗ ಪುರುವಿನ ಯೌವನವನ್ನು ಪಡೆದುಕೊಂಡ ಯಯಾತಿಯ ದಾರಿ ಹಿಡಿದವರೂ ಇದ್ದಾರೆ. ಎಳೆಯ ಇಲಿಯ ರಕ್ತ ಮುದಿ ಇಲಿಯ ಮೈಯಲ್ಲಿ ಹರಿದರೆ ಅದರ ಸ್ನಾಯು ಚೇತರಿಸಿಕೊಳ್ಳುತ್ತದೆ ಎಂದು 2005ರಲ್ಲಿ ಸ್ಟ್ಯಾನ್‌ಫರ್ಡಿನವರು ತೋರಿಸಿದ್ದೇ ತಡ, ಶ್ರೀಮಂತರ ಕಣ್ಣು ಹುಡುಗರ ಮೇಲೆ ಬಿತ್ತು. ಅಮೆರಿಕದ ಉದ್ಯಮಿ ಬ್ರಯಾನ್ ಜಾನ್ಸನ್ 2023ರಲ್ಲಿ ಹದಿನೇಳರ ಮಗನ ಪ್ಲಾಸ್ಮಾ ಏರಿಸಿಕೊಂಡು, ತನ್ನದನ್ನು ತನ್ನಪ್ಪನಿಗೆ ಕೊಟ್ಟ. ತನಗೇನೂ ಪ್ರಯೋಜನ ಕಾಣಲಿಲ್ಲ ಎಂದು ಆಮೇಲೆ ತಾನೇ ಹೇಳಿದ. ಪುರು ಆಗುತ್ತೀಯೇನೋ ಎಂದು ನನ್ನ ಮಗನನ್ನು ಫೋನಿನಲ್ಲಿ ಕೇಳಿದೆ. "ಅಪ್ಪಾ, ಮೀಟಿಂಗಲ್ಲಿದೀನಿ" ಅಂದ.

ನನಗೆ ನೆಮ್ಮದಿ ಕೊಡುವುದು ಕೋಲಾರದ ಶ್ರೀನಿವಾಸಪುರದ ಕೆಲಸ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಆ ಮಾವಿನ ಸೀಮೆಯ ಹಳ್ಳಿಗಳಲ್ಲಿ 45 ದಾಟಿದ ಹತ್ತು ಸಾವಿರ ಜನರನ್ನು ಗುರಿಯಾಗಿಟ್ಟುಕೊಂಡು, ವರ್ಷದಿಂದ ವರ್ಷಕ್ಕೆ ಅವರ ನೆನಪು, ರಕ್ತ, ನಡಿಗೆ ಎಲ್ಲವನ್ನೂ ಹಿಂಬಾಲಿಸುತ್ತಿದ್ದಾರೆ. ಗಡಿಯಾರಗಳೆಲ್ಲ ಬಹುಪಾಲು ಪಶ್ಚಿಮದವರ ಮೈ ನೋಡಿ ಮುಳ್ಳು ಕೂರಿಸಿದವು. ರಾಗಿಮುದ್ದೆಯ ಮೈ ಹೇಗೆ ಮುಪ್ಪಾಗುತ್ತದೆ ಎಂದು ನೋಡಲು ಯಾರಾದರೂ ಅಲ್ಲಿಗೇ ಹೋಗಿ ಕೂರಬೇಕಿತ್ತು. ಅಲ್ಲಿ ಅಮರತ್ವದ ಮಾತಿಲ್ಲ. ಎಂಬತ್ತರಲ್ಲಿ ಮೊಮ್ಮಗನ ಹೆಸರು ನೆನಪಿರುತ್ತದೆಯೆ ಎಂಬಷ್ಟೇ ಪ್ರಶ್ನೆ.

ಅವರೇಕಾಯಿ ಕಾಲದಲ್ಲಿ ಊರಿಗೆ ಹೋಗಿದ್ದೆ. ದೊಡ್ಡಮ್ಮ ಜಗಲಿಯಲ್ಲಿ ಕೂತು ನೆನೆಸಿದ ಕಾಳನ್ನು ಹಿತುಕುತ್ತಿದ್ದಳು. ಕನ್ನಂಬಾಡಿ ಕಟ್ಟೆ ಮುಗಿದ ವರ್ಷ ಅಂಬೆಗಾಲಿಡುತ್ತಿದ್ದಳಂತೆ. ಆಧಾರ್ ಕಾರ್ಡಿನಲ್ಲಿ 1940, ಜನವರಿ ಒಂದು.

"ಸರ್ಕಾರದವ್ರು ಸಾಲ ಮನ್ನಾ ಮಾಡ್ಲಿಲ್ಲ, ಹತ್ತು ವರ್ಷ ವಯಸ್ಸು ಮನ್ನಾ ಮಾಡವ್ರೆ" ಎಂದು ನಕ್ಕಳು.

ನಾನು ಜೈವಿಕ ವಯಸ್ಸಿನ ವಿಚಾರ ಹೇಳಿದೆ. ಹೆಡ್‌ಮೇಷ್ಟ್ರ ಕಿವಿ ಪರೀಕ್ಷೆಯನ್ನೂ ಹೇಳಿದೆ. ಅವಳು ಸ್ಕೂಲಿನ ಮೆಟ್ಟಿಲು ಹತ್ತಿದವಳಲ್ಲ. "ಹೆಂಗೆ, ಹಿಂಗಾ?" ಎಂದು ಸೊಗಡಿನ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿಯ ಓಲೆಯನ್ನು ಹಿಡಿದು ಅಲ್ಲಾಡಿಸಿದಳು. "ನೀನು ತೋರ್ಸು ಮಗಾ."

ನನಗೆ ಆರು ತಿಂಗಳಿಂದ ಬಲಹೆಗಲು ಹಿಡಿದುಕೊಂಡಿದೆ. ಫಿಸಿಯೋಥೆರಪಿಯವರು ದಿನಾ ಗೋಡೆ ಹತ್ತಿಸುತ್ತಿದ್ದಾರೆ, ಬೆರಳಿನಲ್ಲಿ. ಎತ್ತಿದೆ. ಕೈ ಹಣೆಯವರೆಗೆ ಬಂತು, ಬೋಳುತಲೆಯ ಅಂಚಿಗೆ ಬಂತು, ಅಲ್ಲೇ ನಿಂತಿತು. ಎಡಗೈಯಿಂದ ನೂಕಿ ನೋಡಿದೆ. ಕಿವಿ ದೂರದಲ್ಲೇ ಉಳಿಯಿತು.

ದೊಡ್ಡಮ್ಮ ಇನ್ನೊಂದು ಹಿಡಿ ಕಾಳು ಮಡಿಲಿಗೆ ಎಳೆದುಕೊಂಡಳು.

"ಮುಂದಿನ ವರ್ಷ ಬಾ ಹೋಗು."